ಬ್ರೇಕ್ ಕೈಕೊಟ್ಟರೆ: ಯಾರಾದರೂ ಕೈ ಹಾಕಿದ್ದಾರಾ ಎಂದು ತಿಳಿಯುವುದು ಹೇಗೆ, ಓಡುತ್ತಿರುವ ಗಾಡಿಯನ್ನು ನಿಲ್ಲಿಸುವುದು ಹೇಗೆ

ಸಿನಿಮಾಗಳಲ್ಲಿ ನೋಡಿರುತ್ತೀರಿ. ಖಳನಾಯಕ ರಾತ್ರಿ ಕಾರಿನ ಕೆಳಗೆ ತೂರಿ ಬ್ರೇಕ್ ಪೈಪ್ ಕತ್ತರಿಸುತ್ತಾನೆ. ಬೆಳಿಗ್ಗೆ ನಾಯಕ ಗಾಡಿ ತೆಗೆಯುತ್ತಾನೆ. ಗೇಟು ದಾಟುತ್ತಾನೆ, ಪೇಟೆ ದಾಟುತ್ತಾನೆ, ನಾಲ್ಕು ಸಿಗ್ನಲ್ ದಾಟುತ್ತಾನೆ. ಸರಿಯಾಗಿ ಬೆಟ್ಟದ ತಿರುವಿಗೆ ಬಂದ ಮೇಲೆ ಬ್ರೇಕ್ ಹಿಡಿಯುವುದಿಲ್ಲ. ಅಲ್ಲಿಯವರೆಗೆ ಪುಣ್ಯಾತ್ಮ ಒಂದು ಸಲವೂ ಬ್ರೇಕ್ ತುಳಿದೇ ಇಲ್ವಾ?

ನಿಜವಾಗಿ ಪೈಪ್ ಕತ್ತರಿಸಿದ್ದರೆ ಅದು ಗೊತ್ತಾಗುವುದು ನಿಂತ ಜಾಗದಲ್ಲೇ. ಕಾಲು ಇಟ್ಟ ಕೂಡಲೇ ಪೆಡಲ್ ಕೆಳಗೆ ಕುಸಿಯುತ್ತದೆ. ನೆಲದ ಮೇಲೆ ಎಣ್ಣೆ ಬಿದ್ದಿರುತ್ತದೆ. ಆದರೆ ನಮ್ಮಲ್ಲಿ ಹೆಚ್ಚಿನವರು ಗಾಡಿ ಉರುಳಲು ಶುರುವಾದ ಮೇಲೆಯೇ ಮೊದಲ ಸಲ ಬ್ರೇಕ್ ತುಳಿಯುತ್ತೇವೆ. ಕೈಚಳಕವಿರಲಿ, ತುಕ್ಕಿರಲಿ, ಗ್ಯಾರೇಜಿನವರ ಮರೆವಿರಲಿ, ಹೊರಡುವ ಮುಂಚೆ ಸುಮ್ನೆ ಒಂದು ಸಲ ತುಳಿದು ನೋಡಿದರೆ ಅದರಲ್ಲಿ ಬಹುಪಾಲು ಅಲ್ಲೇ ಸಿಕ್ಕಿಬೀಳುತ್ತದೆ. ಹಾಗಾಗಿ ಮೊದಲು ಆ ತುಳಿತದ ವಿಷಯ. ಆಮೇಲೆ, ರಸ್ತೆಯಲ್ಲೇ ಕೈಕೊಟ್ಟರೆ ಏನು ಮಾಡಬೇಕು ಎನ್ನುವುದು.

ಪೆಡಲ್ ತುಳಿದಾಗ ಒಳಗೆ ಏನಾಗುತ್ತದೆ

ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಕಾರಿನಲ್ಲಿ ನೀವು ತುಳಿದ ಬಲವನ್ನು ಬೂಸ್ಟರ್ ಹಲವು ಪಟ್ಟು ಹೆಚ್ಚಿಸುತ್ತದೆ. ಅದು ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ. ಅಲ್ಲಿಂದ ಬ್ರೇಕ್ ಆಯಿಲ್ ಆ ಒತ್ತಡವನ್ನು ಪೈಪುಗಳ ಮೂಲಕ ಚಕ್ರಗಳಿಗೆ ಮುಟ್ಟಿಸುತ್ತದೆ. ದ್ರವವನ್ನು ಹಿಂಡಿ ಕುಗ್ಗಿಸಲು ಆಗುವುದಿಲ್ಲ, ಅದಕ್ಕೇ ಪೆಡಲ್ ಗಟ್ಟಿಯಾಗಿರುತ್ತದೆ. ಗಾಳಿ ಕುಗ್ಗುತ್ತದೆ. ಪೈಪಿನೊಳಗೆ ಗಾಳಿ ಸೇರಿದರೆ ಪೆಡಲ್ ಸ್ಪಂಜಿನಂತಾಗುತ್ತದೆ. ಆಯಿಲ್ ಸೋರಿದರೆ ಪೆಡಲ್ ಕೆಳಗೆ ಹೋಗುತ್ತದೆ.

ಇನ್ನೊಂದು ಸಮಾಧಾನದ ವಿಷಯವಿದೆ. ಈಗಿನ ಕಾರುಗಳಲ್ಲಿ ಬ್ರೇಕ್ ಲೈನ್ ಒಂದಲ್ಲ, ಎರಡು. ಸಾಮಾನ್ಯವಾಗಿ ಮುಂದಿನ ಎಡಚಕ್ರ ಮತ್ತು ಹಿಂದಿನ ಬಲಚಕ್ರ ಒಂದು ಜೋಡಿ, ಉಳಿದೆರಡು ಇನ್ನೊಂದು ಜೋಡಿ. ಕೆಲವು ಗಾಡಿಗಳಲ್ಲಿ ಮುಂದಿನವು ಒಂದು, ಹಿಂದಿನವು ಒಂದು. ಒಂದು ಲೈನ್ ತುಂಡಾದರೂ ಇನ್ನೊಂದು ಕೆಲಸ ಮಾಡುತ್ತದೆ. ಪೆಡಲ್ ತುಂಬಾ ಕೆಳಗೆ ಹೋಗುತ್ತದೆ, ನಿಲ್ಲಲು ಜಾಗ ಜಾಸ್ತಿ ಬೇಕಾಗುತ್ತದೆ, ಆದರೆ ಗಾಡಿ ನಿಲ್ಲುತ್ತದೆ. ಆಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತುತ್ತದೆ. ಎಷ್ಟೋ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕಿಗೂ ಅದೇ ದೀಪ. ಜನ ಲಿವರನ್ನು ಒಂದು ಸಲ ಕೆಳಗೆ ಕುಟ್ಟಿ, "ಸೆನ್ಸರ್ ಹಾಳಾಗಿದೆ ಬಿಡು" ಎಂದು ಹೊರಟುಬಿಡುತ್ತಾರೆ. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿದ ಮೇಲೂ ಕೆಂಪು ದೀಪ ಉಳಿದರೆ ಬಾನೆಟ್ ತೆಗೆದು ಆಯಿಲ್ ಮಟ್ಟ ನೋಡಲೇಬೇಕು.

ಹೊರಡುವ ಮುಂಚಿನ ಅರ್ಧ ನಿಮಿಷ

ಮೊದಲು ನೆಲ. ಗಾಡಿಯ ಹತ್ತಿರ ಬರುವಾಗಲೇ ನಾಲ್ಕು ಚಕ್ರಗಳ ಬುಡವನ್ನೂ ಎಂಜಿನ್ ಕೆಳಗಿನ ಜಾಗವನ್ನೂ ಒಮ್ಮೆ ನೋಡಿ. ಎಸಿ ನೀರು ಬಿದ್ದಿರುವುದು ಮಾಮೂಲು, ಅದು ಬರೀ ನೀರು. ಬ್ರೇಕ್ ಆಯಿಲ್ ಹೊಸದಾಗಿದ್ದರೆ ತಿಳಿಹಳದಿ, ಹಳೆಯದಾದರೆ ಕಂದು. ಬೆರಳಿಗೆ ಜಾರುಜಾರಾಗಿ ಹತ್ತುತ್ತದೆ, ಎಂಜಿನ್ ಆಯಿಲಿಗಿಂತ ತೆಳು. ಮುಟ್ಟಿದರೆ ಕೈ ತೊಳೆದುಕೊಳ್ಳಿ, ಅದು ಗಾಡಿಯ ಬಣ್ಣವನ್ನೇ ತಿನ್ನುವಂಥದ್ದು. ಚಕ್ರದ ಒಳಮೈ ಅಥವಾ ಟೈರಿನ ಒಳಬದಿ ಒದ್ದೆಯಾಗಿದ್ದರೆ ಅದು ದೊಡ್ಡ ಸುಳಿವು.

ಆಮೇಲೆ ಪೆಡಲ್. ಎಂಜಿನ್ ಶುರು ಮಾಡುವ ಮುಂಚೆ ನಾಲ್ಕೈದು ಸಲ ತುಳಿಯಿರಿ. ಪೆಡಲ್ ಗಟ್ಟಿಯಾಗಬೇಕು. ಕಾಲು ಹಾಗೇ ಒತ್ತಿಟ್ಟು ಎಂಜಿನ್ ಶುರು ಮಾಡಿ. ಪೆಡಲ್ ಒಂಚೂರು ಕೆಳಗೆ ಇಳಿದು ನಿಲ್ಲುತ್ತದೆ. ಅಂದರೆ ಬೂಸ್ಟರ್ ಸರಿಯಿದೆ. ಇಳಿಯಲೇ ಇಲ್ಲವೆಂದರೆ ಬೂಸ್ಟರಿನಿಂದ ಗಾಳಿ ಎಳೆಯುವ ವ್ಯಾಕ್ಯೂಮ್ ಹೋಸ್ ಕಳಚಿರಬಹುದು. ಇಳಿದು ನಿಲ್ಲದೆ, ನೀವು ಒತ್ತಿಹಿಡಿದಷ್ಟು ಹೊತ್ತೂ ಮೆಲ್ಲಗೆ ಜಾರುತ್ತಲೇ ಹೋದರೆ ಎಲ್ಲೋ ಸೋರುತ್ತಿದೆ. ಆ ಗಾಡಿ ಅಲ್ಲೇ ಇರಲಿ.

ಕೊನೆಗೆ, ಗಾಡಿ ಹೊರಟು ಹತ್ತಡಿ ಹೋಗುವಷ್ಟರಲ್ಲಿ, ನಡೆಯುವ ವೇಗದಲ್ಲಿ ಒಮ್ಮೆ ಬ್ರೇಕ್ ಹಾಕಿ ನೋಡಿ. ಒಂದು ಕಡೆಗೆ ಎಳೆಯುತ್ತದಾ? ಕೀರಲು ಸದ್ದು ಬರುತ್ತದಾ? ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯಾದರೆ ಹ್ಯಾಂಡ್ ಬ್ರೇಕ್ ಇಳಿಸುವ ಮೊದಲೇ ಪೆಡಲ್ ನೋಡಿಬಿಡಿ.

ನನ್ನದೇ ಒಂದು ಕಥೆ ಹೇಳುತ್ತೇನೆ. ಒಂದು ಬೆಳಿಗ್ಗೆ ಪೆಡಲ್ ಮೇಲೆ ಕಾಲಿಟ್ಟೆ, ಬೆಣ್ಣೆಯೊಳಗೆ ಹೋದ ಹಾಗೆ ಕೆಳಗೆ ಹೋಯಿತು. ಹಿಂದಿನ ವಾರವಷ್ಟೇ ಪಾರ್ಕಿಂಗ್ ಜಾಗಕ್ಕಾಗಿ ಒಬ್ಬರ ಜೊತೆ ಜಗಳವಾಗಿತ್ತು. ಎದೆ ಝಲ್ಲೆಂದಿತು, ತಲೆ ನೇರವಾಗಿ ಅವರ ಕಡೆಗೇ ಓಡಿತು. ಟಾರ್ಚ್ ಹಿಡಿದು ಬಗ್ಗಿ ನೋಡಿದರೆ ಹಿಂದಿನ ಒಂದು ಚಕ್ರದ ಒಳಬದಿ ಪೂರ್ತಿ ಒದ್ದೆ. ಮೆಕ್ಯಾನಿಕ್ ಬಂದು ಚಕ್ರ ಬಿಚ್ಚಿದ. ಎರಡು ದಿನದ ಹಿಂದೆ ಸರ್ವಿಸ್ ಮಾಡಿದ ಜಾಗದಲ್ಲಿ ಬ್ಲೀಡ್ ನಿಪ್ಪಲ್, ಅಂದರೆ ಪೈಪಿನೊಳಗಿನ ಗಾಳಿ ತೆಗೆಯುವ ಸಣ್ಣ ತಿರುಪನ್ನು, ಕೈಯಲ್ಲಿ ತಿರುಗಿಸಿ ಬಿಟ್ಟಿದ್ದರು, ಸ್ಪ್ಯಾನರ್ ಹಾಕಿ ಬಿಗಿ ಮಾಡಿರಲಿಲ್ಲ. ಜಗಳವಾಡಿದ ಮನುಷ್ಯ ಅದೇ ಹೊತ್ತಿಗೆ ಪಕ್ಕದಲ್ಲಿ ನಿಂತು ಟಾರ್ಚ್ ಹಿಡಿದುಕೊಂಡಿದ್ದರು. ನನಗೆ ಅವರ ಮುಖ ನೋಡಲು ಆಗಲಿಲ್ಲ.

ಯಾರೋ ಕೈ ಹಾಕಿದ್ದಾರಾ, ತಾನಾಗೇ ಹಾಳಾಯಿತಾ

ಬ್ರೇಕ್ ಹಾಳಾದ ಗಾಡಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಸವೆತ, ತುಕ್ಕು, ಹಳೇ ಆಯಿಲ್ ಮತ್ತು ಅರೆಬರೆ ರಿಪೇರಿ. ಹಾಗಂತ ಅನುಮಾನವನ್ನು ತಳ್ಳಿಹಾಕಬೇಕಿಲ್ಲ, ಕಣ್ಣಿಗೆ ಕಾಣುವುದನ್ನು ಸರಿಯಾಗಿ ಓದಬೇಕು.

ವಯಸ್ಸಾದ ರಬ್ಬರ್ ಹೋಸ್ ಒಂದೇ ಕಡೆ ಬಿರಿಯುವುದಿಲ್ಲ. ಸುತ್ತಲೂ ಸಣ್ಣ ಸಣ್ಣ ಬಿರುಕುಗಳಿರುತ್ತವೆ, ಬಿರುಕಿನೊಳಗೆ ಧೂಳು ಕೂತಿರುತ್ತದೆ. ತುಕ್ಕು ಹಿಡಿದ ಕಬ್ಬಿಣದ ಪೈಪು ಪದರ ಪದರವಾಗಿ ಎದ್ದು, ಉಬ್ಬಿ, ಆಮೇಲೆ ತೂತಾಗುತ್ತದೆ. ಚಕ್ರ ತಿರುಗಿಸುವಾಗ ಟೈರಿಗೆ ಉಜ್ಜಿ ಸವೆದ ಹೋಸ್ ಒಂದು ಬದಿಯಲ್ಲಿ ಮಾತ್ರ ನಯವಾಗಿ ತೆಳುವಾಗಿರುತ್ತದೆ. ಇಲಿ ಕಡಿದಿದ್ದರೆ ಜೋಡಿ ಹಲ್ಲಿನ ಗುರುತು, ಉದುರಿದ ಚೂರು, ಹತ್ತಿರದಲ್ಲೇ ಹಿಕ್ಕೆ ಕಾಣುತ್ತದೆ. ಇಲಿಗಳಿಗೆ ವೈರುಗಳ ಮೇಲೆಯೇ ಪ್ರೀತಿ ಜಾಸ್ತಿ. ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ವ್ಯವಸ್ಥೆ) ಸೆನ್ಸರಿನ ವೈರ್ ಹೋದರೆ ಹಳದಿ ದೀಪ ಹತ್ತುತ್ತದೆ, ಆದರೆ ಮಾಮೂಲಿ ಬ್ರೇಕ್ ಇರುತ್ತದೆ.

ಚಾಕುವಿನಿಂದಲೋ ಕಟ್ಟರಿನಿಂದಲೋ ಆದ ಗಾಯ ಹಾಗಲ್ಲ. ಅಂಚು ನೇರವಾಗಿ, ಚೊಕ್ಕಟವಾಗಿರುತ್ತದೆ. ಸುತ್ತಲಿನ ರಬ್ಬರ್ ಚೆನ್ನಾಗೇ ಇರುತ್ತದೆ, ಕತ್ತರಿಸಿದ ಒಳಮೈಯಲ್ಲಿ ಧೂಳಿರುವುದಿಲ್ಲ. ಕೊಳೆ ಹಿಡಿದ ಜಾಗದಲ್ಲಿ ಒಂದೇ ಒಂದು ನಟ್ಟಿನ ಮೂಲೆಗಳು ಹೊಳೆಯುತ್ತಿದ್ದರೆ ಯಾರೋ ಈಚೆಗೆ ಸ್ಪ್ಯಾನರ್ ಹಾಕಿದ್ದಾರೆ ಎಂದರ್ಥ. ಆದರೆ ಮೊನ್ನೆ ಸರ್ವಿಸ್ ಆಗಿದ್ದರೂ ಹಾಗೇ ಕಾಣುತ್ತದೆ. ಕೊನೆಯ ಸರ್ವಿಸ್ ಯಾವಾಗ, ಯಾವ ಚಕ್ರ ಬಿಚ್ಚಿದ್ದರು ಎಂಬುದನ್ನು ಮೊದಲು ನೆನಪಿಸಿಕೊಳ್ಳಿ. ಬೇರೆ ಬೇರೆ ಚಕ್ರಗಳಲ್ಲಿ ಒಂದೇ ಥರದ ಗಾಯವಿದ್ದರೆ, ಬಾನೆಟ್ ಸರಿಯಾಗಿ ಮುಚ್ಚಿರದಿದ್ದರೆ, ಆಯಿಲ್ ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಅನುಮಾನ ಬಲವಾಗುತ್ತದೆ.

ಅನುಮಾನ ಬಂತೆಂದರೆ ಗಾಡಿಯನ್ನು ಒಂದಡಿಯೂ ಸರಿಸಬೇಡಿ. ಒರೆಸಬೇಡಿ, ಆಯಿಲ್ ತುಂಬಬೇಡಿ, "ಹೇಗಿದೆ ನೋಡೋಣ" ಎಂದು ಎಳೆದಾಡಬೇಡಿ. ದೂರದಿಂದ ಒಂದಷ್ಟು ಫೋಟೋ, ಹತ್ತಿರದಿಂದ ಒಂದಷ್ಟು ಫೋಟೋ ತೆಗೆಯಿರಿ. ನೆಲದ ಕಲೆಯೂ ಬರಲಿ. ಪೊಲೀಸರಿಗೆ ಹೇಳಿ. ಆಸುಪಾಸಿನಲ್ಲಿ ಕ್ಯಾಮೆರಾ ಇದ್ದರೆ ಅದೇ ದಿನ ಕೇಳಿ, ಹಳೆಯ ದೃಶ್ಯಗಳ ಮೇಲೆ ಹೊಸವು ಬಂದು ಅಳಿಸಿಹೋಗುತ್ತವೆ. ಗಾಡಿ ಸಾಗಿಸುವುದಾದರೆ ಟೋ ಗಾಡಿಯಲ್ಲೇ. ಮೆಕ್ಯಾನಿಕ್ ಕಂಡದ್ದನ್ನು ಬರೆದು ಕೊಡಲಿ, ಬಿಚ್ಚಿದ ಹೋಸನ್ನು ಎಸೆಯದೆ ಕವರಿನಲ್ಲಿ ಹಾಕಿಡಲಿ. ಮೊದಲೇ ಯಾರಿಂದಲಾದರೂ ಬೆದರಿಕೆ ಇದ್ದವರು ಮೆಕ್ಯಾನಿಕ್‌ಗೂ ಮುಂಚೆ ಪೊಲೀಸರಿಗೆ ಫೋನ್ ಮಾಡಬೇಕು.

ರಸ್ತೆಯಲ್ಲಿ ಬ್ರೇಕ್ ಹೋಯಿತು: ಒಂದೊಂದೇ ಹೆಜ್ಜೆ

80 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. "ಅಯ್ಯೋ ಏನಾಯ್ತು" ಎನ್ನುವ ಮೂರು ಸೆಕೆಂಡಿಗೆ 66 ಮೀಟರ್ ಹೋಯಿತು. 40ರ ವೇಗದಲ್ಲಿರುವುದಕ್ಕಿಂತ 80ರಲ್ಲಿ ಗಾಡಿಯ ಚಲನಶಕ್ತಿ ನಾಲ್ಕು ಪಟ್ಟು. ಆದ್ದರಿಂದ ಗಾಡಿ ಪೂರ್ತಿ ನಿಲ್ಲದಿದ್ದರೂ ವೇಗ ಅರ್ಧಕ್ಕೆ ಇಳಿದರೆ ಬದುಕುವ ಲೆಕ್ಕವೇ ಬದಲಾಗುತ್ತದೆ.

1. ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಗಾಬರಿಯಲ್ಲಿ ಅದನ್ನೇ ಒತ್ತಿದವರಿದ್ದಾರೆ. ಕ್ರೂಸ್ ಕಂಟ್ರೋಲ್ ಹಾಕಿದ್ದರೆ ಆಫ್ ಮಾಡಿ.

2. ಪೆಡಲ್ ಏನು ಹೇಳುತ್ತಿದೆ ಎಂದು ಕಾಲಿನಲ್ಲೇ ಕೇಳಿ. ಇದು ಮುಖ್ಯ, ಏಕೆಂದರೆ ಒಂದೊಂದಕ್ಕೂ ಮದ್ದು ಬೇರೆ.
ಪೆಡಲ್ ನೆಲಕ್ಕೆ ಹೋಗುತ್ತಿದ್ದರೆ ಪಟಪಟ ಎಂದು ಹಲವು ಸಲ ಜೋರಾಗಿ ತುಳಿಯಿರಿ. ಉಳಿದ ಆಯಿಲಿನಲ್ಲಿ ಒಂದಿಷ್ಟು ಒತ್ತಡ ಹುಟ್ಟಬಹುದು. ಎಬಿಎಸ್ ಗಾಡಿಯಲ್ಲಿ ಪಂಪ್ ಮಾಡಬಾರದು ಎನ್ನುವ ಮಾತು ಬ್ರೇಕ್ ಸರಿಯಿದ್ದಾಗ ಮಾತ್ರ. ಒತ್ತಡ ಸಿಕ್ಕ ಕೂಡಲೇ ಬಿಡದೆ ಒತ್ತಿಹಿಡಿಯಿರಿ.
ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದರೆ ಬೂಸ್ಟರ್ ಹೋಗಿದೆ ಅಥವಾ ಎಂಜಿನ್ ನಿಂತಿದೆ. ಬ್ರೇಕ್ ಇನ್ನೂ ಇದೆ, ಸಹಾಯ ಮಾತ್ರ ಇಲ್ಲ. ಇಲ್ಲಿ ಪಂಪ್ ಮಾಡಬೇಡಿ, ಬೂಸ್ಟರಿನಲ್ಲಿ ಉಳಿದ ಎರಡು ಮೂರು ತುಳಿತದ ಶಕ್ತಿಯೂ ಖಾಲಿಯಾಗುತ್ತದೆ. ಸೀಟಿಗೆ ಬೆನ್ನು ಕೊಟ್ಟು, ಬೇಕಿದ್ದರೆ ಎರಡೂ ಕಾಲಿಟ್ಟು, ಇರುವ ಬಲವನ್ನೆಲ್ಲ ಹಾಕಿ ಒತ್ತಿ.
ಪೆಡಲ್ ಅರ್ಧಕ್ಕೇ ಸಿಕ್ಕಿಕೊಂಡರೆ ಕೆಳಗೆ ನೀರಿನ ಬಾಟಲಿ, ಚಪ್ಪಲಿ ಅಥವಾ ಮಡಚಿದ ಮ್ಯಾಟ್ ಇರಬಹುದು. ಕಾಲಿನಿಂದ ಸರಿಸಲು ನೋಡಿ. ಬಗ್ಗಿ ಕೈ ಹಾಕಬೇಡಿ. ಪಕ್ಕದಲ್ಲಿ ಯಾರಾದರೂ ಇದ್ದರೆ ಅವರು ತೆಗೆಯಲಿ.

3. ಗೇರ್ ಇಳಿಸಿ. ನಾಲ್ಕರಿಂದ ಮೂರು, ಮೂರರಿಂದ ಎರಡು, ಒಂದೊಂದಾಗಿ. ಪ್ರತಿ ಸಲ ಕ್ಲಚ್ ಪೂರ್ತಿ ಬಿಟ್ಟು ಎಂಜಿನ್ ಎಳೆತ ಹಿಡಿಯಲು ಬಿಡಿ. ಕ್ಲಚ್ ತುಳಿದೇ ಇದ್ದರೆ, ಇಲ್ಲವೇ ನ್ಯೂಟ್ರಲಿಗೆ ಹಾಕಿದರೆ ಗಾಡಿ ಬರೀ ಉರುಳುತ್ತದೆ. ನೇರ ಒಂದನೇ ಗೇರಿಗೆ ಹಾರಿದರೆ ಚಕ್ರ ಜಾರಬಹುದು. ಆಟೊಮ್ಯಾಟಿಕ್ ಆದರೆ ಎಲ್ ಅಥವಾ 2ಕ್ಕೆ ಹಾಕಿ, ಇಲ್ಲವೇ ಮ್ಯಾನುಯಲ್ ಮೋಡಿನಲ್ಲಿ ಮೈನಸ್ ಕಡೆಗೆ ತಳ್ಳಿ. ಓಡುವಾಗ ಪಾರ್ಕ್‌ಗೆ ಹಾಕಬೇಡಿ. ಕಟಕಟ ಸದ್ದು ಬರುತ್ತದೆ, ಹಿಡಿಯುವುದಿಲ್ಲ.

4. ಹ್ಯಾಂಡ್ ಬ್ರೇಕ್ ಎಳೆಯಿರಿ, ಆದರೆ ಒಮ್ಮೆಲೇ ಅಲ್ಲ. ಅದು ಕೇಬಲ್‌ನಿಂದ ಕೆಲಸ ಮಾಡುವುದರಿಂದ ಆಯಿಲ್ ಪೂರ್ತಿ ಸೋರಿದ್ದರೂ ಹಿಡಿಯುತ್ತದೆ. ಲಿವರಿನ ತುದಿಯ ಗುಂಡಿಯನ್ನು ಒತ್ತಿಯೇ ಇಟ್ಟುಕೊಂಡು ಮೆಲ್ಲಗೆ ಮೇಲಕ್ಕೆ ತನ್ನಿ. ಹಿಂದಿನ ಚಕ್ರ ಕಿರ್ ಎಂದು ಜಾರಿದರೆ ಸ್ವಲ್ಪ ಇಳಿಸಿ, ಮತ್ತೆ ಎಳೆಯಿರಿ. ತಿರುವಿನಲ್ಲಿ ಸರಕ್ಕನೆ ಎಳೆದರೆ ಗಾಡಿ ಹಿಂದುಮುಂದಾಗುತ್ತದೆ. ಬಟನ್ ಥರದ ಎಲೆಕ್ಟ್ರಾನಿಕ್ ಬ್ರೇಕ್ ಇದ್ದರೆ ಎಳೆದು ಹಿಡಿದುಕೊಂಡೇ ಇರಿ. ಹೆಚ್ಚಿನ ಗಾಡಿಗಳಲ್ಲಿ ನೀವು ಹಿಡಿದಿರುವಷ್ಟು ಹೊತ್ತು ಅದು ವೇಗ ಇಳಿಸುತ್ತದೆ, ಬಿಟ್ಟರೆ ಬಿಟ್ಟುಬಿಡುತ್ತದೆ.

5. ಬೇರೆಯವರಿಗೆ ತಿಳಿಸಿ. ಹಜಾರ್ಡ್ ಲೈಟ್, ಹೆಡ್‌ಲೈಟ್, ಬಿಡದೆ ಹಾರ್ನ್. ಎಲ್ಲರಿಗೂ ಸೀಟ್ ಬೆಲ್ಟ್ ಹಾಕಿಕೊಳ್ಳಲು ಕೂಗಿ ಹೇಳಿ.

6. ಎಲ್ಲಿ ಹೋಗಬೇಕೋ ಅಲ್ಲಿಗೆ ಕಣ್ಣಿಡಿ. ಮರವನ್ನೇ ನೋಡುತ್ತಿದ್ದರೆ ಕೈ ಮರದ ಕಡೆಗೇ ತಿರುಗುತ್ತದೆ. ಏರು ರಸ್ತೆ ಸಿಕ್ಕಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಮರಳು, ಉತ್ತ ಹೊಲ, ಪೊದೆ, ಮೆದು ಮಣ್ಣಿನ ಅಂಚು.

7. ಗುದ್ದಲೇಬೇಕು ಎನ್ನುವಂತಾದರೆ ನೇರವಾಗಿ ಗುದ್ದಬೇಡಿ. ರಸ್ತೆ ಬದಿಯ ತಡೆಗೋಡೆಗೆ ಗಾಡಿಯ ಮಗ್ಗುಲನ್ನು ಸವರುತ್ತಾ ಹೋಗಿ. ಬಾಗಿಲು ಹಾಳಾಗುತ್ತದೆ, ಆಗಲಿ. ಎದುರು ಬರುವ ಗಾಡಿ ಮತ್ತು ಜನ, ಇವೆರಡರಿಂದ ಮಾತ್ರ ಹೇಗಾದರೂ ದೂರವಿರಿ.

ಕೀ ತೆಗೆಯುವ ಯೋಚನೆ ಮಾತ್ರ ಬೇಡ. ಕೀ ಹೊರಬಂದರೆ ಸ್ಟೇರಿಂಗ್ ಲಾಕ್ ಆಗಬಹುದು. ಎಂಜಿನ್ ಬಂದ್ ಮಾಡಿದರೂ ಸ್ಟೇರಿಂಗ್ ಭಾರವಾಗುತ್ತದೆ, ಬೂಸ್ಟರ್ ನಿಲ್ಲುತ್ತದೆ.

ಬ್ರೇಕ್ ಸರಿಯಿದ್ದು ಆಕ್ಸಿಲರೇಟರೇ ಸಿಕ್ಕಿಕೊಂಡರೆ ಲೆಕ್ಕ ಉಲ್ಟಾ. ಆಗ ನ್ಯೂಟ್ರಲಿಗೇ ಹಾಕಬೇಕು. ಬ್ರೇಕನ್ನು ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಬಿಟ್ಟು ಬಿಟ್ಟು ತುಳಿಯಬಾರದು. ಎಂಜಿನ್ ಕಿರುಚಿಕೊಳ್ಳುತ್ತದೆ, ಕಿರುಚಲಿ. 2009ರಲ್ಲಿ ಅಮೆರಿಕದಲ್ಲಿ ನೆಲದ ಮ್ಯಾಟ್ ಆಕ್ಸಿಲರೇಟರಿಗೆ ಸಿಕ್ಕಿಕೊಂಡು ನಾಲ್ವರು ಸತ್ತ ಅಪಘಾತದ ನಂತರ ಲಕ್ಷಗಟ್ಟಲೆ ಕಾರುಗಳನ್ನು ವಾಪಸ್ ಕರೆಸಿ ಸರಿಪಡಿಸಬೇಕಾಯಿತು. ಮ್ಯಾಟ್ ಮೇಲೆ ಇನ್ನೊಂದು ಮ್ಯಾಟ್ ಹಾಸುವ ಅಭ್ಯಾಸವಿದ್ದರೆ ಇವತ್ತೇ ಒಂದನ್ನು ತೆಗೆಯಿರಿ.

ಇಳಿಜಾರು ಬೇರೆಯೇ ಕಥೆ

ಬೆಟ್ಟ ಇಳಿಯುವಾಗ ಬ್ರೇಕ್ ಹೋಗುವುದು ಹೆಚ್ಚಾಗಿ ಬಿಸಿಯಿಂದ. ಅದು ಎರಡು ಥರ. ಪ್ಯಾಡ್ ಕಾದರೆ ಪೆಡಲ್ ಗಟ್ಟಿಯಾಗೇ ಇರುತ್ತದೆ, ಆದರೆ ಗಾಡಿ ನಿಧಾನವಾಗುವುದಿಲ್ಲ. ಆಯಿಲ್ ಕುದಿದರೆ ಪೈಪಿನೊಳಗೆ ಆವಿ ತುಂಬಿ ಪೆಡಲ್ ಮೆತ್ತಗಾಗುತ್ತದೆ. ಎರಡಕ್ಕೂ ಮುಂಚೆ ಸಾಮಾನ್ಯವಾಗಿ ಮೂಗಿಗೆ ಸುಟ್ಟ ವಾಸನೆ ಬರುತ್ತದೆ. ಆ ವಾಸನೆ ಬಂದಾಗ ನಿಲ್ಲಿಸದಿದ್ದರೆ ಮುಂದೆ ನಿಲ್ಲಿಸಲು ಆಗದೇ ಇರಬಹುದು.

ಹಳೇ ಆಯಿಲ್ ಯಾಕೆ ಅಪಾಯ ಎನ್ನುವುದು ಇಲ್ಲೇ ಗೊತ್ತಾಗುವುದು. ಡಾಟ್ 3, ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್‌ಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲಿನ ಕನಿಷ್ಠ ಮಟ್ಟ 155 ಡಿಗ್ರಿ. ಡಾಟ್ 3 ಆದರೆ 205 ಮತ್ತು 140. ಅಷ್ಟು ದೊಡ್ಡ ವ್ಯತ್ಯಾಸ. ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದು ಹೆಚ್ಚಿನ ತಯಾರಕರು ಹೇಳುವುದು ಇದಕ್ಕೇ. ಆಯಿಲ್ ಕುದಿದ ಗಾಡಿಯನ್ನು ಅರ್ಧ ಗಂಟೆ ನಿಲ್ಲಿಸಿದರೆ ಆವಿ ಮತ್ತೆ ದ್ರವವಾಗಿ ಪೆಡಲ್ ಸರಿಯಾದಂತೆ ಕಾಣುತ್ತದೆ. "ಸರಿ ಹೋಯ್ತಲ್ಲ" ಎಂದು ಮರೆತುಬಿಡುತ್ತಾರೆ. ಸರಿ ಹೋಗಿಲ್ಲ, ಮುಂದಿನ ಇಳಿಜಾರಿಗೆ ಕಾಯುತ್ತಿದೆ ಅಷ್ಟೇ. ಕಾದ ಡಿಸ್ಕ್ ಮೇಲೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ ಅಥವಾ ಬಿರಿಯುತ್ತದೆ.

ಇಳಿಯುವ ರೀತಿ ಹೀಗೆ: ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿಕೊಳ್ಳಿ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳಲಿ. ಬ್ರೇಕ್ ಮೇಲೆ ಕಾಲು ಇಟ್ಟೇ ಇರಬೇಡಿ. ವೇಗ ಹೆಚ್ಚಾದಾಗ ಮೂರು ಸೆಕೆಂಡು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಡಿ. ಪೆಟ್ರೋಲ್, ಡೀಸೆಲ್ ಉಳಿಸಲು ನ್ಯೂಟ್ರಲಿನಲ್ಲಿ ಇಳಿಯುವವರ ಬಗ್ಗೆ ನನಗೆ ತಾಳ್ಮೆ ಇಲ್ಲ. ಈಗಿನ ಎಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನೇ ನಿಲ್ಲಿಸುತ್ತವೆ, ಅಂದರೆ ನ್ಯೂಟ್ರಲಿನಲ್ಲಿ ಉಳಿಯುವುದು ಏನೂ ಇಲ್ಲ.

ದೊಡ್ಡ ಲಾರಿ, ಬಸ್ಸುಗಳಲ್ಲಿ ಇರುವುದು ಗಾಳಿ ಬ್ರೇಕ್. ಅದರ ಪಾರ್ಕಿಂಗ್ ಬ್ರೇಕನ್ನು ಹಿಡಿದಿಡುವುದು ಸ್ಪ್ರಿಂಗ್. ಅದನ್ನು ಬಿಡಿಸಿಟ್ಟಿರುವುದು ಗಾಳಿ. ಗಾಳಿ ತೀರಾ ಇಳಿದರೆ ಸ್ಪ್ರಿಂಗ್ ತಾನಾಗೇ ಚಕ್ರ ಹಿಡಿಯುತ್ತದೆ. ಅಂದರೆ ಯಾರಾದರೂ ಪೈಪ್ ಕಿತ್ತು ಗಾಳಿ ಹೋಗಿಬಿಟ್ಟರೆ ಲಾರಿ ಓಡುವುದಿಲ್ಲ, ನಿಂತಲ್ಲೇ ನಿಲ್ಲುತ್ತದೆ. ಆದರೆ ಓಡುವಾಗ ಹಾಗಾದರೆ ಚಕ್ರಗಳು ಒಮ್ಮೆಲೇ ಕಚ್ಚಿಕೊಳ್ಳುತ್ತವೆ. ಹಾಗಾಗಿ ಗಾಳಿಯ ಒತ್ತಡ ಸುಮಾರು 4 ಬಾರ್ ಹತ್ತಿರ ಇಳಿದು ಬಝರ್ ಕೂಗಿದಾಗಲೇ, ಗಾಳಿ ಉಳಿದಿರುವಾಗಲೇ ಬದಿಗೆ ನಿಲ್ಲಿಸಬೇಕು. ಇಳಿಜಾರಿನಲ್ಲಿ ಬ್ರೇಕ್ ಡ್ರಮ್ ಕಾದಿದ್ದರೆ ಸ್ಪ್ರಿಂಗ್‌ನಿಂದಲೂ ಪರಿಹಾರವಿಲ್ಲ. ಜಲ್ಲಿ ತುಂಬಿದ ತುರ್ತು ನಿಲುಗಡೆಯ ದಾರಿ ಕಂಡರೆ ಯೋಚಿಸದೆ ನುಗ್ಗಿಸಿ. ಗಾಡಿ ಹೂತುಹೋಗುತ್ತದೆ, ಅದಕ್ಕೇ ಅದನ್ನು ಮಾಡಿರುವುದು.

ಬೈಕ್, ಸ್ಕೂಟರ್, ಎಲೆಕ್ಟ್ರಿಕ್

ಬೈಕಿನಲ್ಲಿ ಹಿಂದೆ ಮುಂದೆ ಬೇರೆ ಬೇರೆ ಬ್ರೇಕ್ ಇರುವುದು ನಿಮ್ಮ ಪುಣ್ಯ. ಒಂದು ಹೋದರೆ ಇನ್ನೊಂದು, ಜೊತೆಗೆ ಗೇರ್ ಇಳಿಸುವುದು. ಬೈಕ್ ನೆಟ್ಟಗೆ ಇರಲಿ, ತಿರುವಿನಲ್ಲಿ ಮುಂದಿನ ಬ್ರೇಕನ್ನು ಹಿಂಡಬೇಡಿ. ಹೊರಡುವ ಮುಂಚೆ ಎರಡೂ ಬ್ರೇಕ್ ಹಿಡಿದು ಬೈಕನ್ನು ಮುಂದಕ್ಕೆ ತಳ್ಳಿ ನೋಡಿ. ಕೇಬಲ್ ಬ್ರೇಕ್ ಆದರೆ ಲಿವರಿನ ಬುಡದಲ್ಲಿ ಎಳೆ ಬಿಟ್ಟಿದೆಯಾ ನೋಡಿ. ಹಿಂದಿನ ಡಿಸ್ಕ್ ಜಿಡ್ಡಾಗಿದೆ, ಯಾರೋ ಎಣ್ಣೆ ಸುರಿದಿದ್ದಾರೆ ಎಂದು ಗೆಳೆಯನೊಬ್ಬ ಹೌಹಾರಿದ್ದ. ಹಿಂದಿನ ದಿನ ಚೈನಿಗೆ ಸ್ಪ್ರೇ ಹೊಡೆದವನು ಅವನೇ.

ಎಲೆಕ್ಟ್ರಿಕ್ ಗಾಡಿಯಲ್ಲಿ ಮೋಟರೇ ಹಿಂದಕ್ಕೆ ಎಳೆಯುವ ರೀಜೆನ್ ಇರುತ್ತದೆ. ಆಯಿಲ್ ಸೋರಿದರೂ ಅದು ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಅದನ್ನು ಗರಿಷ್ಠಕ್ಕೆ ಇಡಿ. ಬ್ಯಾಟರಿ ಪೂರ್ತಿ ತುಂಬಿದ್ದರೆ ಮಾತ್ರ ಎಳೆತ ಕಡಿಮೆ.

ನಿಂತ ಮೇಲೆ, ಮತ್ತು ಮುಂದಿನ ಭಾನುವಾರ

ಗಾಡಿ ನಿಂತರೆ ಹ್ಯಾಂಡ್ ಬ್ರೇಕ್ ಹಾಕಿ, ಗೇರಿನಲ್ಲಿ ಬಿಡಿ, ಚಕ್ರಕ್ಕೆ ಕಲ್ಲು ಕೊಡಿ. ಎಲ್ಲರೂ ರಸ್ತೆಯಿಂದ ದೂರ ಹೋಗಿ ನಿಲ್ಲಿ. "ನಿಧಾನವಾಗಿ ಗ್ಯಾರೇಜಿನವರೆಗೆ ಓಡಿಸಿಕೊಂಡು ಹೋಗ್ತೀನಿ" ಎನ್ನಬೇಡಿ. ಆಯಿಲ್ ತುಂಬಿದರೂ ಗಾಳಿ ತೆಗೆಯದೆ ಆ ಬ್ರೇಕನ್ನು ನಂಬುವ ಹಾಗಿಲ್ಲ.

ಇನ್ನು ಅಭ್ಯಾಸ. ಓದಿದ್ದು ತಲೆಯಲ್ಲಿರುತ್ತದೆ, ಗಾಬರಿಯಲ್ಲಿ ಕೆಲಸಕ್ಕೆ ಬರುವುದು ಕೈಕಾಲಿಗೆ ರೂಢಿಯಾದದ್ದು ಮಾತ್ರ. ಜನರಿಲ್ಲದ ಖಾಲಿ ಮೈದಾನಕ್ಕೆ ಹೋಗಿ. 20ರ ವೇಗದಲ್ಲಿ, ಬ್ರೇಕ್ ಪೆಡಲ್ ಮುಟ್ಟದೆ, ಗೇರ್ ಇಳಿಸಿ, ಗುಂಡಿ ಒತ್ತಿಹಿಡಿದು ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿ. ಆಮೇಲೆ 30ರಲ್ಲಿ. ಎಷ್ಟು ಹೆಜ್ಜೆಗೆ ನಿಂತಿತು ಎಂದು ಇಳಿದು ಎಣಿಸಿ. ನಾನು ಮೊದಲ ಸಲ ಮಾಡಿದಾಗ ಎಡಗೈ ಲಿವರನ್ನು ಹುಡುಕಿಕೊಳ್ಳಲು ಎರಡು ಸೆಕೆಂಡು ತೆಗೆದುಕೊಂಡಿತು, ಕಣ್ಣು ರಸ್ತೆ ಬಿಟ್ಟು ಕೆಳಗೆ ಹೋಗಿತ್ತು. ಐದನೇ ಸಲಕ್ಕೆ ಕೈ ತಾನಾಗೇ ಅಲ್ಲಿಗೆ ಹೋಯಿತು. ಅದೇ ದಿನ ಇನ್ನೊಂದೂ ಗೊತ್ತಾಯಿತು: ನನ್ನ ಹ್ಯಾಂಡ್ ಬ್ರೇಕ್ ಕೇಬಲ್ ಸಡಿಲವಾಗಿತ್ತು. ಲಿವರ್ ಪೂರ್ತಿ ಮೇಲೆ ಬಂದರೂ ಗಾಡಿ ಉರುಳುತ್ತಲೇ ಇತ್ತು.